ಮುಚ್ಚಳಿಕೆ ಬರೆದುಕೊಟ್ಟ ರಾಯಭಾರಿ

ಸ್ವತಂತ್ರ ಭಾರತದಲ್ಲಿ ಸ್ತ್ರೀಯರ ಪ್ರಗತಿಯನ್ನು ಕುರಿತು ಬರೆಯುವವರು ಪ್ರಥಮ ಸ್ಥಾನ ಪಡೆದ ಮಹಿಳೆಯರ ಒಂದು ಪಟ್ಟಿಯನ್ನು ಕೊಟ್ಟು ಮುಂದೆ ಸಾಗುವುದು ವಾಡಿಕೆ. ಮೊದಲ ನ್ಯಾಯಾಧೀಶೆ, ಮೊದಲ ಆಡಳಿತಾಧಿಕಾರಿ, ಮೊದಲ ರಾಯಭಾರಿ ಎಂಬ ಹೆಸರುಗಳನ್ನು ಶಾಲೆಯ ಮಕ್ಕಳು ಸಾಮಾನ್ಯಜ್ಞಾನದ ಪರೀಕ್ಷೆಗಾಗಿ ಕಂಠಪಾಠ ಮಾಡುತ್ತಾರೆ. ಆದರೆ ಹೊಸ್ತಿಲು ದಾಟಿ ಒಳಗೆ ಹೋದ ಮೇಲೆ ಆ ಮಹಿಳೆಯರಿಗೆ ಏನಾಯಿತು, ಒಳಗಿದ್ದವರು ಅವರನ್ನು ಯಾವ ಷರತ್ತಿನ ಮೇಲೆ ಬರಮಾಡಿಕೊಂಡರು ಎಂಬ ವಿವರ ಅಂತಹ ಪಟ್ಟಿಗಳಲ್ಲಿ ಸಿಗುವುದಿಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮನವರ ಹೆಸರಿಗೂ ಇದೇ ಗತಿಯಾಗಿದೆ. ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ ಎಂಬ ಒಂದು ಸಾಲು ಎಲ್ಲರಿಗೂ ತಿಳಿದಿದೆ. ಆ ಸೇವೆಗೆ ಸೇರುವ ದಿನ ಅವರು ಸಹಿ ಮಾಡಿದ ಒಂದು ಮುಚ್ಚಳಿಕೆಯ ವಿಷಯ ಬಹುಮಂದಿಗೆ ತಿಳಿಯದು.

ಚೋನಿರ ಬೆಳ್ಯಪ್ಪ ಮುತ್ತಮ್ಮನವರು ಜನಿಸಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ. ಬ್ರಿಟಿಷರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯವಾಗಿತ್ತು. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮುತ್ತಮ್ಮನವರಿಗೆ ಒಂಬತ್ತು ವರ್ಷ ವಯಸ್ಸಾಗಿದ್ದಾಗ ಅವರು ತೀರಿಕೊಂಡರು. ನಾಲ್ವರು ಮಕ್ಕಳನ್ನು ಓದಿಸುವ ಭಾರ ತಾಯಿಯ ಮೇಲೆ ಬಿತ್ತು. 1930ರ ದಶಕದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಹೆಣ್ಣುಮಕ್ಕಳ ವಿದ್ಯೆಯನ್ನು ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹಾಗೆ ಮಾಡುವುದೇ ವಿವೇಕವೆಂದು ಬಂಧುಬಳಗ ಹೇಳುತ್ತಿದ್ದ ಕಾಲವದು. ಆ ತಾಯಿ ನಿಲ್ಲಿಸಲಿಲ್ಲ. ಮಡಿಕೇರಿಯ ಸಂತ ಜೋಸೆಫರ ಬಾಲಿಕಾ ಶಾಲೆಯಲ್ಲಿ ಓದು ಮುಗಿಸಿದ ಮಗಳು ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜನ್ನು ಸೇರಿ ಮೂರು ಚಿನ್ನದ ಪದಕಗಳೊಡನೆ ಪದವಿ ಪಡೆದರು. ಅನಂತರ ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು. ಮುತ್ತಮ್ಮನವರ ವೃತ್ತಿಜೀವನದ ಬುನಾದಿಯನ್ನು ಅರಸುವವರು ಮೊದಲು ಈ ತಾಯಿಯ ಬಳಿಗೇ ಹೋಗಬೇಕಾಗುತ್ತದೆ.

ದೇಶ ಸ್ವತಂತ್ರವಾದ ಮೇಲೆ ಉನ್ನತ ಸರ್ಕಾರಿ ಸೇವೆಗಳ ಸ್ಪರ್ಧಾತ್ಮಕ ಪರೀಕ್ಷೆಗಳು ಸ್ತ್ರೀಯರಿಗೂ ತೆರೆದವು. ವಿದೇಶಾಂಗ ಸೇವೆಯಂತೂ ಆಗಷ್ಟೇ ರೂಪುಗೊಳ್ಳುತ್ತಿತ್ತು. ಅದರ ಸ್ಥಾಪನೆಗೆ ನಿರ್ಣಯವಾದದ್ದು 1946ರ ಅಕ್ಟೋಬರಿನಲ್ಲಿ. 1948ರಲ್ಲಿ ಮುತ್ತಮ್ಮನವರು ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಲೋಕಸೇವಾ ಆಯೋಗದ ಈ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲ ಮಹಿಳೆ ಅವರು. ಅಂಕಗಳ ಆಧಾರದ ಮೇಲೆ ಅವರು ಆರಿಸಿಕೊಂಡದ್ದು ವಿದೇಶಾಂಗ ಸೇವೆಯನ್ನು. ತೊಡಕು ಆರಂಭವಾದದ್ದು ಅಲ್ಲಿ. ಮೌಖಿಕ ಸಂದರ್ಶನದಲ್ಲಿ ಆಯೋಗದ ಅಧ್ಯಕ್ಷರು, ಈ ಸೇವೆ ಸ್ತ್ರೀಯರಿಗೆ ಹೊಂದುವಂಥದಲ್ಲ ಎಂದು ಅವರ ಮನಸ್ಸನ್ನು ತಿರುಗಿಸಲು ಯತ್ನಿಸಿದರು. ತಮ್ಮ ಪ್ರಭಾವವನ್ನು ಬಳಸಿ ಸಂದರ್ಶನದಲ್ಲಿ ಅವರಿಗೆ ಕನಿಷ್ಠ ಅಂಕಗಳು ಬರುವಂತೆ ಮಾಡಿದುದಾಗಿ ಅದೇ ಅಧ್ಯಕ್ಷರು ಮುಂದೊಮ್ಮೆ ಹೇಳಿದರೆಂದು, ಮೂವತ್ತು ವರ್ಷಗಳ ಬಳಿಕ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಮುತ್ತಮ್ಮನವರು ದಾಖಲಿಸಿದರು. ಲಿಖಿತ ಪರೀಕ್ಷೆಯ ಅಂಕಗಳು ಸಾಕಷ್ಟಿದ್ದುದರಿಂದ ಆ ಕನಿಷ್ಠ ಅಂಕಗಳೂ ಅವರನ್ನು ತಡೆಯಲಾಗಲಿಲ್ಲ.

ಬಾಗಿಲು ಮುಚ್ಚಲು ಸಾಧ್ಯವಾಗದಿದ್ದಾಗ ಷರತ್ತು ಹಾಕಲಾಯಿತು. 1949ರಲ್ಲಿ ಸೇವೆಗೆ ಸೇರುವಾಗ, ತಾವು ವಿವಾಹವಾದರೆ ರಾಜೀನಾಮೆ ನೀಡುವುದಾಗಿ ಮುತ್ತಮ್ಮನವರು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಅವರೊಡನೆ ಸೇವೆಗೆ ಬಂದ ಯಾವ ಪುರುಷನಿಂದಲೂ ಅಂತಹ ಮುಚ್ಚಳಿಕೆಯನ್ನು ಕೇಳಲಿಲ್ಲ. ಅದೇ ಕಾಲಕ್ಕೆ, ಅದೇ ದೆಹಲಿಯಲ್ಲಿ ಸಂವಿಧಾನ ರಚನಾ ಸಭೆ ನಡೆಯುತ್ತಿತ್ತೆಂಬುದನ್ನು ಓದುಗರು ನೆನಪಿಗೆ ತಂದುಕೊಳ್ಳಬೇಕು. 15 ಮಂದಿ ಸ್ತ್ರೀಯರು ಸದಸ್ಯರಾಗಿದ್ದ ಆ ಸಭೆಯು, ಸರ್ಕಾರಿ ನೌಕರಿಯಲ್ಲಿ ಲಿಂಗದ ಕಾರಣದಿಂದ ತಾರತಮ್ಯ ಸಲ್ಲದೆಂಬ ವಿಧಿಯನ್ನು ಅಂಗೀಕರಿಸಿತು. ಒಂದು ಕಟ್ಟಡದಲ್ಲಿ ಆ ವಿಧಿಯ ಅಕ್ಷರಗಳು ಮೂಡುತ್ತಿದ್ದರೆ, ಮತ್ತೊಂದು ಕಟ್ಟಡದಲ್ಲಿ ಇಪ್ಪತ್ತೈದರ ಹೆಣ್ಣುಮಗಳೊಬ್ಬಳ ಸಹಿಯನ್ನು ಪಡೆಯಲಾಗುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಅವಿವಾಹಿತರಾಗಿ ಉಳಿದು ಒಂದು ಕಾರ್ಯಕ್ಕೆ ಬಾಳನ್ನು ಮೀಸಲಿಡುವುದು ಈ ನಾಡಿನ ಯಾವ ಪರಂಪರೆಗೂ ಹೊಸದಲ್ಲ. ಸ್ವಇಚ್ಛೆಯಿಂದ ತಿಳಿದು ಸ್ವೀಕರಿಸಿದ ನಿಯಮವನ್ನು ವ್ರತವೆನ್ನುತ್ತಾರೆ. ಅದನ್ನು ಕೈಗೊಂಡವರನ್ನು ಸಮಾಜ ಗೌರವಿಸುತ್ತದೆ. ಆದರೆ ಅನ್ನದ ದಾರಿಗೆ ಅಡ್ಡವಾಗಿ ಇಟ್ಟು, ಒಪ್ಪದಿದ್ದರೆ ಕೆಲಸವಿಲ್ಲವೆಂದು ಹೇಳಿ ಬರೆಸಿಕೊಂಡದ್ದು ವ್ರತವಾಗಲಾರದು. ಮುತ್ತಮ್ಮನವರು ಕಡೆಯವರೆಗೂ ವಿವಾಹವಾಗಲಿಲ್ಲ. ಅದು ಅವರ ಸ್ವಂತ ಆಯ್ಕೆಯೇ, ಮುಚ್ಚಳಿಕೆಯ ಫಲವೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಇತಿಹಾಸದ ಕೆಲಸವಲ್ಲ. ಹಾಗೆ ಕೇಳುವ ಪ್ರಸಂಗವೇ ಬಾರದಂತೆ ಅವರ ಸಹೋದ್ಯೋಗಿ ಪುರುಷರೆಲ್ಲ ಬಾಳಿದರು ಎಂಬುದಷ್ಟೇ ಗಮನಾರ್ಹ.

ಸ್ತ್ರೀಯರಿಗೆ ಯಾವ ಕೆಲಸ ಹೊಂದುತ್ತದೆ ಎಂಬ ಹಿರಿಯರ ನಿರ್ಣಯಗಳು ಎಷ್ಟು ಗಟ್ಟಿಯಾದವು ಎಂಬುದನ್ನು ತಿಳಿಯಲು ಮತ್ತೊಂದು ಉದಾಹರಣೆ ಸಾಕು. ಕೇರಳದ ಅನ್ನಾ ರಾಜಂ ಎಂಬವರು 1951ರ ತಂಡದಲ್ಲಿ ಭಾರತೀಯ ಆಡಳಿತ ಸೇವೆಗೆ ಆಯ್ಕೆಯಾದರು. ಅವರ ಸಂದರ್ಶನ ನಡೆಸಿದ ಮಂಡಳಿ, ಆಡಳಿತ ಸೇವೆ ಹೆಂಗಸರಿಗೆ ತಕ್ಕುದಲ್ಲ, ವಿದೇಶಾಂಗ ಸೇವೆಯೋ ಕೇಂದ್ರದ ಇತರ ಸೇವೆಗಳೋ ಸೂಕ್ತವೆಂದು ಬುದ್ಧಿ ಹೇಳಿತು! ಎರಡು ಮೂರು ವರ್ಷಗಳ ಹಿಂದೆ ಯಾವ ಸೇವೆ ಹೆಣ್ಣಿಗೆ ಒಗ್ಗದೆಂದು ಹೇಳಲಾಗಿತ್ತೋ ಅದೇ ಈಗ ಹೆಣ್ಣಿಗೆ ಯೋಗ್ಯವೆನಿಸಿತು. ಹೆಣ್ಣು ಯಾವುದನ್ನು ಬಯಸಿದಳೋ ಅದನ್ನು ಬಿಟ್ಟು ಉಳಿದುದೆಲ್ಲ ಅವಳಿಗೆ ಯೋಗ್ಯ ಎಂಬುದೇ ಈ ತರ್ಕದ ಸಾರವಿರಬಹುದು. ಅನ್ನಾ ರಾಜಂ ಅವರೂ ಪಟ್ಟು ಬಿಡಲಿಲ್ಲ. ಅವರ ನೇಮಕಾತಿ ಪತ್ರದಲ್ಲಿಯೂ ವಿವಾಹವಾದಲ್ಲಿ ಸೇವೆಯನ್ನು ಕೊನೆಗೊಳಿಸಲಾಗುವುದೆಂಬ ಷರತ್ತಿತ್ತು. ಅವರು ಮದರಾಸು ರಾಜ್ಯದ ಹೊಸೂರಿನಲ್ಲಿ ಸಬ್ ಕಲೆಕ್ಟರಾಗಿ ಕೆಲಸ ಪ್ರಾರಂಭಿಸಿದರು. ನಿಯಮ ಸಡಿಲವಾದ ಮೇಲೆ, ಬಹುಕಾಲದ ನಂತರ, ಸಹೋದ್ಯೋಗಿಯಾಗಿದ್ದ ಆರ್.ಎನ್. ಮಲ್ಹೋತ್ರಾ ಅವರನ್ನು ವಿವಾಹವಾದರು.

ಮುತ್ತಮ್ಮನವರ ಮೊದಲ ನಿಯೋಜನೆ ಪ್ಯಾರಿಸಿನ ರಾಯಭಾರ ಕಚೇರಿಗೆ. ಅನಂತರ ರಂಗೂನ್, ಲಂಡನ್. ದೆಹಲಿಯ ಸಚಿವಾಲಯದಲ್ಲಿ ಪಾಕಿಸ್ತಾನ ಹಾಗೂ ಅಮೆರಿಕ ವಿಭಾಗಗಳ ಹೊಣೆ. ವಿದೇಶಾಂಗ ಸೇವೆಯ ಕೆಲಸ ಕಡತಗಳಿಗೆ ಮಾತ್ರ ಸೀಮಿತವಲ್ಲ. ಅತಿಥಿಸತ್ಕಾರ, ಔತಣ, ಪರದೇಶದ ಅಧಿಕಾರಿಗಳ ಕುಟುಂಬಗಳೊಡನೆ ಒಡನಾಟ, ಇವೆಲ್ಲ ಅದರ ಭಾಗ. ಪುರುಷ ಅಧಿಕಾರಿಯ ಪಾಲಿಗೆ ಈ ಅರ್ಧ ಕೆಲಸವನ್ನು ಹೆಂಡತಿ ಸಂಬಳವಿಲ್ಲದೆ ಮಾಡುತ್ತಿದ್ದಳು. ಸರ್ಕಾರಕ್ಕೆ ಅದು ಲೆಕ್ಕಕ್ಕೆ ಬಾರದ ಲಾಭ. ಒಂಟಿ ಮಹಿಳಾ ಅಧಿಕಾರಿ ಎರಡೂ ಕೆಲಸಗಳನ್ನು ತಾನೇ ಮಾಡಬೇಕು. ಪುರುಷನಿಗೆ ಮದುವೆ ಸೇವೆಯಲ್ಲಿ ಆಸ್ತಿಯಾದರೆ, ಸ್ತ್ರೀಗೆ ಅದೇ ಮದುವೆ ಅನರ್ಹತೆಯಾಗಿತ್ತು. ಈ ವ್ಯತ್ಯಾಸವನ್ನು ಯಾರೂ ದುರುದ್ದೇಶದಿಂದ ಹೂಡಿದ್ದಲ್ಲ. ಲೋಕ ಇರುವುದೇ ಹಾಗೆಂದು ಎಲ್ಲರೂ ನಂಬಿದ್ದರು. ದುಷ್ಟನೊಬ್ಬ ಮಾಡುವ ಅನ್ಯಾಯಕ್ಕಿಂತ, ಸಜ್ಜನರೆಲ್ಲ ಸಹಜವೆಂದು ನಂಬಿದ ಅನ್ಯಾಯ ದೀರ್ಘಾಯುವಾಗಿರುತ್ತದೆ.

ಇದು ಭಾರತದ ದೋಷ ಮಾತ್ರವೂ ಆಗಿರಲಿಲ್ಲ. ಬ್ರಿಟನ್ ತನ್ನ ರಾಜತಾಂತ್ರಿಕ ಸೇವೆಗೆ ಸ್ತ್ರೀಯರನ್ನು ಸೇರಿಸಿಕೊಂಡದ್ದು 1946ರಲ್ಲಿ. ಮದುವೆಯಾದರೆ ಹೊರಹೋಗಬೇಕೆಂಬ ನಿಯಮವನ್ನು ಅಲ್ಲಿ ಕೈಬಿಟ್ಟದ್ದು 1970ರ ದಶಕದ ಆರಂಭದಲ್ಲಿ. ಐರ್ಲೆಂಡಿನ ಸರ್ಕಾರಿ ಸೇವೆಯಲ್ಲಿ ಇಂಥದೇ ನಿಷೇಧ 1973ರವರೆಗೂ ಇತ್ತು. ಆದರೆ ಆ ದೇಶಗಳ ಉದಾಹರಣೆಯಿಂದ ಇಲ್ಲಿಯ ಹೊಣೆ ಕಡಿಮೆಯಾಗುವುದಿಲ್ಲ. ಸಂವಿಧಾನದ 16ನೆಯ ಅನುಚ್ಛೇದ 1950ರ ಜನವರಿ 26ರಿಂದಲೇ ಜಾರಿಯಲ್ಲಿತ್ತು.

ಈ ನಿರ್ಬಂಧವು ಆಂಗ್ಲರು ಬಿಟ್ಟುಹೋದ ಕಸ, ಗುಡಿಸಲು ಮರೆತದ್ದು, ಎಂದು ಸಮಾಧಾನ ಹೇಳಿಕೊಳ್ಳುವಂತೆಯೂ ಇಲ್ಲ. ಸಂವಿಧಾನ ಜಾರಿಗೆ ಬಂದು ಹನ್ನೊಂದು ವರ್ಷಗಳಾದ ಮೇಲೆ, 1961ರಲ್ಲಿ, ಸ್ವತಂತ್ರ ಭಾರತದ ಸರ್ಕಾರವೇ ಅದನ್ನು ಹೊಸದಾಗಿ ಲಿಖಿತ ನಿಯಮವನ್ನಾಗಿ ಮಾಡಿತು. ವಿದೇಶಾಂಗ ಸೇವೆಯ ನಡತೆ ಮತ್ತು ಶಿಸ್ತಿನ ನಿಯಮಗಳಲ್ಲಿ 8(2)ನೆಯದು, ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕೆಂದು ವಿಧಿಸಿತು. ಮದುವೆಯ ನಂತರ ಯಾವ ಕಾಲದಲ್ಲಾದರೂ, ಸಂಸಾರದ ಹೊಣೆಗಳು ಆಕೆಯ ಕರ್ತವ್ಯದ ದಕ್ಷತೆಗೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದೆಂದೂ ಹೇಳಿತು. ನೇಮಕಾತಿ ಮತ್ತು ಬಡ್ತಿಯ ನಿಯಮಗಳಲ್ಲಿ 18(4)ನೆಯದು, ವಿವಾಹಿತ ಸ್ತ್ರೀಗೆ ಈ ಸೇವೆಯಲ್ಲಿ ನೇಮಕಗೊಳ್ಳುವ ಹಕ್ಕೇ ಇಲ್ಲವೆಂದಿತು.

ಮೇಲುನೋಟಕ್ಕೆ 1949ರ ಮುಚ್ಚಳಿಕೆಗಿಂತ 1961ರ ನಿಯಮ ಸೌಮ್ಯವಾದದ್ದು. ಮದುವೆಯಾದರೆ ಹೊರಗೆ ಎನ್ನುವ ಬದಲು, ಕೇಳಿಕೊಂಡು ಮದುವೆಯಾಗು, ಮುಂದೆ ನೋಡೋಣ ಎಂದಿತು. ಆದರೆ ಎದುರಿಗೆ ಗೋಡೆಯಿದೆ ಎಂದು ತಿಳಿದವನು ಬೇರೆ ದಾರಿ ಹುಡುಕುತ್ತಾನೆ. ಬಾಗಿಲಿದ್ದು, ಅದರ ಬೀಗದ ಕೈ ಇನ್ನೊಬ್ಬರ ಮರ್ಜಿಯಲ್ಲಿದ್ದರೆ ಜೀವಮಾನವೆಲ್ಲ ಆ ಮರ್ಜಿಯನ್ನು ಕಾಯುತ್ತ ಕಳೆಯಬೇಕಾಗುತ್ತದೆ. ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳನ್ನು ನಡೆಸುವ ಧರ್ಮಸಂಸ್ಥೆಗಳ ನಿಯಮಪುಸ್ತಕಗಳಲ್ಲಿಯೂ, 'ಆಡಳಿತ ಮಂಡಳಿಗೆ ಉಚಿತವೆಂದು ಕಂಡಲ್ಲಿ' ಎಂಬ ಮಾತು ಎಷ್ಟು ಬಾರಿ ಬರುತ್ತದೆ, ಯಾರ ವಿಷಯದಲ್ಲಿ ಬರುತ್ತದೆ ಎಂದು ಎಣಿಸಿ ನೋಡಿದರೆ ಈ ನಿಯಮದ ಸ್ವಭಾವ ಚೆನ್ನಾಗಿ ಅರ್ಥವಾದೀತು.

ಮುತ್ತಮ್ಮನವರಿಗಿಂತ ಮೊದಲೇ ಈ ಬಗೆಯ ನಿಯಮವನ್ನು ನ್ಯಾಯಾಲಯದಲ್ಲಿ ಸೋಲಿಸಿದವರು ಅಧಿಕಾರಿಗಳಲ್ಲ, ಪದವೀಧರೆಯರೂ ಅಲ್ಲ. ಮುಂಬಯಿಯ ಔಷಧ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಕಾರ್ಮಿಕ ಹೆಣ್ಣುಮಕ್ಕಳು ಅವರು. ಅಲ್ಲಿಯ ಒಂದು ವಿಭಾಗದಲ್ಲಿ ಅವಿವಾಹಿತೆಯರನ್ನು ಮಾತ್ರ ಇಟ್ಟುಕೊಂಡು, ಮದುವೆಯಾದೊಡನೆ ತಾನಾಗಿಯೇ ಕೆಲಸ ಹೋಗುವಂತೆ ನಿಯಮ ಮಾಡಲಾಗಿತ್ತು. ಬಾಂಬೆ ಲೇಬರ್ ಯೂನಿಯನ್ ಅವರ ಪರವಾಗಿ ಹೋರಾಡಿತು. ಮದುವೆಯಾದವರು ಪದೇ ಪದೇ ಗೈರುಹಾಜರಾಗುತ್ತಾರೆ, ತಂಡದ ಕೆಲಸ ಕೆಡುತ್ತದೆ ಎಂಬುದು ಮಾಲೀಕರ ವಾದ. 1965ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಮಕ್ಕಳಿರುವುದೇ ಗೈರುಹಾಜರಿಗೆ ಕಾರಣವೆಂದಾದರೆ, ಮಕ್ಕಳಿರುವ ವಿಧವೆಯರಿಗೆ ಇಲ್ಲದ ನಿಯಮ ಮದುವೆಯಾದವರಿಗೆ ಏಕೆಂದು ಅದು ವಿಚಾರಿಸಿತು. ಹೆರಿಗೆ ರಜೆಯ ಅವಧಿಗೆ ಬದಲಿ ಕೆಲಸಗಾರರನ್ನು ಇಟ್ಟುಕೊಳ್ಳುವುದು ಸಂಸ್ಥೆಗೆ ಅಸಾಧ್ಯವೇನಲ್ಲವೆಂದೂ ಹೇಳಿತು. ಆ ಹೆಣ್ಣುಮಕ್ಕಳ ಹೆಸರುಗಳು ಯಾವ ಪ್ರಥಮರ ಪಟ್ಟಿಯಲ್ಲಿಯೂ ಇಲ್ಲ. ಸೀಸೆಗಳನ್ನು ಕಟ್ಟುವ ಕೈಗಳಿಗೆ 1965ರಲ್ಲಿ ದೊರೆತ ನ್ಯಾಯ, ದೇಶದ ಮುದ್ರೆ ಒತ್ತುವ ಕೈಗಳಿಗೆ ದೊರೆಯಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು.

1970ರಲ್ಲಿ ಮುತ್ತಮ್ಮನವರು ಹಂಗೇರಿಗೆ ಭಾರತದ ರಾಯಭಾರಿಯಾಗಿ ನೇಮಕಗೊಂಡರು. ಅದಕ್ಕೆ ಮುಂಚೆ ವಿಜಯಲಕ್ಷ್ಮಿ ಪಂಡಿತರಂಥವರು ರಾಯಭಾರಿಗಳಾಗಿದ್ದರಾದರೂ ಅವರು ಸಾರ್ವಜನಿಕ ಜೀವನದಿಂದ ನೇರವಾಗಿ ಬಂದವರು. ಸೇವೆಯ ಒಳಗಿನಿಂದಲೇ ಮೆಟ್ಟಿಲು ಹತ್ತಿ ಆ ಸ್ಥಾನವನ್ನು ತಲುಪಿದ ಮೊದಲ ಮಹಿಳೆ ಮುತ್ತಮ್ಮನವರು. ಬುಡಾಪೆಸ್ಟಿನ ಬಳಿಕ ಆಫ್ರಿಕದ ಘಾನಾದಲ್ಲಿಯೂ ಅವರು ಭಾರತವನ್ನು ಪ್ರತಿನಿಧಿಸಿದರು. ಹೊರಗಿನಿಂದ ನೋಡುವವರಿಗೆ ಇದು ಯಶಸ್ಸಿನ ಶಿಖರ. ಒಳಗೆ ಇನ್ನೊಂದು ಮೆಟ್ಟಿಲು ಉಳಿದಿತ್ತು.

ವಿದೇಶಾಂಗ ಸೇವೆಯ ಪ್ರಥಮ ಶ್ರೇಣಿಗೆ ಬಡ್ತಿಯ ಸರದಿ ಬಂದಾಗ, ಮುತ್ತಮ್ಮನವರು ಅದಕ್ಕೆ ಸಾಕಷ್ಟು ಅರ್ಹರಲ್ಲವೆಂದು ನಿರ್ಣಯಿಸಲಾಯಿತು. ಅವರಿಗಿಂತ ಕಿರಿಯರಾದ ಕೆಲವರು ಮೇಲೇರಿದರು. ಮೂರು ದಶಕಗಳ ಸೇವೆ ಸಮೀಪಿಸಿದ ಅಧಿಕಾರಿಯ ಮುಂದೆ ಆಗ ಎರಡು ದಾರಿಗಳಿದ್ದವು. ಉಳಿದ ಕೆಲವು ವರ್ಷಗಳನ್ನು ಗೌರವದಿಂದ ಕಳೆದು ನಿವೃತ್ತರಾಗಬಹುದಿತ್ತು. ಬಂಧುಗಳು, ಹಿತೈಷಿಗಳು ಸಾಮಾನ್ಯವಾಗಿ ಸೂಚಿಸುವ ದಾರಿಯೂ ಇದೇ. ಮುತ್ತಮ್ಮನವರು, ಸೇವೆಯಲ್ಲಿ ಇರುವಾಗಲೇ, ತಮ್ಮ ಸರ್ಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. ದೇಶದ ಪರವಾಗಿ ಮಾತನಾಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ದೇಶದ ಸರ್ಕಾರವನ್ನೇ ಪ್ರತಿವಾದಿಯನ್ನಾಗಿ ನಿಲ್ಲಿಸುವುದು ಸುಲಭದ ನಿರ್ಣಯವಲ್ಲ. ಸೋತರೆ ಹೋಗುವುದು ಬಡ್ತಿ ಮಾತ್ರವಲ್ಲ; ಮೂವತ್ತು ವರ್ಷ ಜೊತೆಗಿದ್ದವರ ವಿಶ್ವಾಸವೂ ಹೋಗುತ್ತದೆ.

ಆ ಅರ್ಜಿ ಒಂದು ಬಡ್ತಿಯ ದೂರಾಗಿ ನಿಲ್ಲಲಿಲ್ಲ ಎಂಬುದರಲ್ಲಿ ಅದರ ಮಹತ್ತ್ವವಿದೆ. ಸಂದರ್ಶನದ ಕೊಠಡಿಯಿಂದ ಹಿಡಿದು, ಮುಚ್ಚಳಿಕೆ, 1961ರ ಎರಡು ನಿಯಮಗಳು, ಬಡ್ತಿಯನ್ನು ನಿರ್ಣಯಿಸುವವರ ಮನಸ್ಸಿನಲ್ಲಿ ಸ್ತ್ರೀಯರ ಬಗೆಗೆ ಬೇರೂರಿದ್ದ ಪೂರ್ವಗ್ರಹ, ಇವೆಲ್ಲವನ್ನೂ ಅವರು ಕ್ರಮವಾಗಿ ಜೋಡಿಸಿ ನ್ಯಾಯಾಲಯದ ಮುಂದಿಟ್ಟರು. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದರೆಂದು ಅವರನ್ನು ಆಕ್ಷೇಪಿಸುವವರು ಇರಬಹುದು. ಅವರು ಸುಮ್ಮನಿದ್ದರು ನಿಜ, ಮರೆತಿರಲಿಲ್ಲ. ಕೆಲಸವನ್ನು ಕುಂದಿಲ್ಲದೆ ಮಾಡುತ್ತ, ಆದ ಅನ್ಯಾಯದ ಲೆಕ್ಕವನ್ನು ಉತ್ಪ್ರೇಕ್ಷೆಯಿಲ್ಲದೆ ಇಟ್ಟುಕೊಂಡಿದ್ದರು.

ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಕೆಲವೇ ತಿಂಗಳ ಹಿಂದೆ ಅರ್ಹರಲ್ಲವೆಂದು ಕಂಡಿದ್ದ ಅಧಿಕಾರಿ ಸರ್ಕಾರಕ್ಕೆ ಈಗ ಅರ್ಹರಾಗಿ ಕಂಡರು. ಬಡ್ತಿ ಬಂತು; ನೆದರ್ಲೆಂಡ್ಸಿನ ದಿ ಹೇಗ್ ನಗರಕ್ಕೆ ರಾಯಭಾರಿಯಾಗಿ ನಿಯೋಜನೆಯೂ ಆಯಿತು. ನಿಯಮಗಳ ಕತೆಯೂ ಹಾಗೆಯೇ. 18(4)ನೆಯ ನಿಯಮವನ್ನು 1973ರ ನವೆಂಬರಿನಲ್ಲಿ ತೆಗೆದುಹಾಕಲಾಗಿದೆ, 8(2)ನೆಯದನ್ನೂ ತೆಗೆಯುವ ಅಧಿಸೂಚನೆ ಹೊರಡಲಿದೆ ಎಂದು ಸಾಲಿಸಿಟರ್ ಜನರಲ್ ಸೋಲಿ ಸೊರಾಬ್ಜಿಯವರು ನ್ಯಾಯಾಲಯಕ್ಕೆ ತಿಳಿಸಿದರು. ಹದಿನೆಂಟು ವರ್ಷ ಅಚಲವಾಗಿದ್ದ ನಿಯಮವನ್ನು ಒಂದು ಅರ್ಜಿ ಅಲುಗಿಸಿತು.

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಹಾಗೂ ನ್ಯಾಯಮೂರ್ತಿ ಪಿ.ಎನ್. ಸಿಂಘಲ್ ಅವರ ಪೀಠದಿಂದ ತೀರ್ಪು ಹೊರಬಿತ್ತು. ತೀರ್ಪನ್ನು ಬರೆದ ಕೃಷ್ಣ ಅಯ್ಯರ್ ಅವರು ಕಠಿಣ ಮಾತುಗಳನ್ನು ಬಳಸಲು ಹಿಂಜರಿಯಲಿಲ್ಲ. ಈ ಪ್ರಕರಣವನ್ನು ನೋಡಿದರೆ ಸಂವಿಧಾನದ ಸಮಾನತೆಯ ವಿಧಿಗಳು ವಾಸ್ತವವೋ ಕಟ್ಟುಕತೆಯೋ ಎಂದು ಸಂಶಯ ಬರುತ್ತದೆಂಬ ಅಭಿಪ್ರಾಯ ಅವರದು. ಅವರ ತರ್ಕ ಸರಳವಾದದ್ದು: ಸಂಸಾರದ ಹೊಣೆ ಸ್ತ್ರೀಯ ದಕ್ಷತೆಗೆ ಅಡ್ಡಿಯಾಗಬಹುದಾದರೆ ಪುರುಷನ ದಕ್ಷತೆಗೂ ಆಗಬಹುದು, ವಿವಾಹಿತ ಪುರುಷನಿಗಿರುವ ಹಕ್ಕು ವಿವಾಹಿತ ಸ್ತ್ರೀಗೆ ಇಲ್ಲವೆನ್ನಲು ಆಧಾರವೇನು? ಈ ಪ್ರಶ್ನೆಯನ್ನು 1949ರಲ್ಲಿಯೇ ಯಾವನಾದರೊಬ್ಬ ಗುಮಾಸ್ತನೂ ಕೇಳಬಹುದಾಗಿತ್ತು. ಇಷ್ಟು ಸುಲಭವಾದ ಪ್ರಶ್ನೆಯನ್ನು ಕೇಳಲು ರಾಷ್ಟ್ರದ ಅತ್ಯುನ್ನತ ನ್ಯಾಯಪೀಠವೇ ಬೇಕಾಯಿತೆಂಬುದು ವಿಷಾದದ ಸಂಗತಿ.

ಲೋಕಪ್ರಚಾರದಲ್ಲಿರುವಂತೆ ಮುತ್ತಮ್ಮನವರು ಆ ದಾವೆಯನ್ನು 'ಗೆದ್ದರು' ಎನ್ನುವುದು ಪೂರ್ಣವಾಗಿ ಸರಿಯಲ್ಲ. ಬಡ್ತಿ ಆಗಲೇ ಬಂದಿತ್ತು, ನಿಯಮಗಳು ತೊಲಗುತ್ತಿದ್ದವು. ಆದ್ದರಿಂದ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಆದರೆ ಸಮಸ್ಯೆಯನ್ನು ವಜಾ ಮಾಡುತ್ತಿಲ್ಲವೆಂಬ ಆಶಯವನ್ನು ಸ್ಪಷ್ಟಪಡಿಸಿತು. ನಡುವಿನ ತಿಂಗಳುಗಳಲ್ಲಿ ಮುಂದೆ ಹೋದ ಕಿರಿಯರಿಗೆ ಹೋಲಿಸಿ ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಬೇಕೆಂದು ಸರ್ಕಾರಕ್ಕೆ ನಿರ್ದೇಶಿಸಿತು. ಸೇವೆಯ ಎಲ್ಲ ನಿಯಮಗಳಿಂದ ಇಂತಹ ತಾರತಮ್ಯದ ಕಲೆಯನ್ನು ತೊಡೆದುಹಾಕಬೇಕೆಂದೂ ಸೂಚಿಸಿತು. ಅದೇ ಉಸಿರಿನಲ್ಲಿ, ಎಲ್ಲ ಉದ್ಯೋಗಗಳಲ್ಲಿ ಎಲ್ಲ ಸಂದರ್ಭಗಳಲ್ಲಿ ಸ್ತ್ರೀಪುರುಷರು ಸಮಾನರೆಂದು ತಾನು ಹೇಳುತ್ತಿಲ್ಲ, ಕೆಲವು ಕೆಲಸಗಳ ಸ್ವರೂಪ ಭೇದವನ್ನು ಬೇಡಬಹುದು ಎಂಬ ಒಂದು ಎಚ್ಚರಿಕೆಯನ್ನೂ ಸೇರಿಸಿತು. ತೀರ್ಪನ್ನು ಹೊಗಳುವವರು ಈ ಕೊನೆಯ ಮಾತನ್ನು ಉದ್ಧರಿಸುವುದು ಕಡಿಮೆ. ಆದರೆ ಮುಂದಿನ ಇತಿಹಾಸ ಆ ಸಣ್ಣ ಕಿಂಡಿಯ ಮೂಲಕವೇ ಸಾಗಿತು.

ಎರಡೇ ವರ್ಷಗಳಲ್ಲಿ, 1981ರಲ್ಲಿ, ಏರ್ ಇಂಡಿಯಾದ ಗಗನಸಖಿಯರ ಪ್ರಕರಣ ಅದೇ ನ್ಯಾಯಾಲಯದ ಮುಂದೆ ಬಂತು. ಮೊದಲ ಬಸಿರಿಗೆ ಕೆಲಸ ಬಿಡಬೇಕೆಂಬ ನಿಯಮವನ್ನು ನ್ಯಾಯಾಲಯ ತಳ್ಳಿಹಾಕಿತು. ಆದರೆ ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ ಕೆಲಸ ಹೋಗುವುದೆಂಬ ನಿಯಮವನ್ನು ಎತ್ತಿಹಿಡಿಯಿತು. ಸೇನೆಯ ಶುಶ್ರೂಷಾ ವಿಭಾಗದಲ್ಲಿಯಂತೂ, ಮದುವೆಯಾದ ಅಧಿಕಾರಿಣಿಯನ್ನು ಬಿಡುಗಡೆ ಮಾಡಲು ಅವಕಾಶ ನೀಡುವ 1977ರ ಆದೇಶವೊಂದು 1995ರವರೆಗೂ ಉಳಿದಿತ್ತು. ಅದರ ಅಡಿಯಲ್ಲಿ 1988ರಲ್ಲಿ ಕೆಲಸ ಕಳೆದುಕೊಂಡ ಅಧಿಕಾರಿಯೊಬ್ಬರಿಗೆ ಸರ್ವೋಚ್ಚ ನ್ಯಾಯಾಲಯದಿಂದ ಅಂತಿಮ ನ್ಯಾಯ ದೊರೆತದ್ದು 2024ರ ಫೆಬ್ರವರಿಯಲ್ಲಿ. ಮದುವೆಯ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯುವುದು ಸಂವಿಧಾನಬಾಹಿರವೆಂದು ಹೇಳಿ, 60 ಲಕ್ಷ ರೂಪಾಯಿ ಪರಿಹಾರವನ್ನು ನೀಡಲು ನ್ಯಾಯಾಲಯ ಆದೇಶಿಸಿತು. ಮೂವತ್ತಾರು ವರ್ಷಗಳಲ್ಲಿ ಆಕೆ ಮಾಡಬಹುದಾಗಿದ್ದ ಸೇವೆ, ಏರಬಹುದಾಗಿದ್ದ ಮೆಟ್ಟಿಲುಗಳು ಆ ಮೊತ್ತದಲ್ಲಿ ಎಷ್ಟು ಅಡಗಿಯಾವು?

ಈ ವೃತ್ತಾಂತವನ್ನು ವ್ಯಕ್ತಿಯೊಬ್ಬರ ಸಾಧನೆಯ ಕತೆಯಾಗಿ ಹೇಳುವುದು ಸುಲಭ: ಪ್ರತಿಭೆಯಿತ್ತು, ಛಲವಿತ್ತು, ಆದ್ದರಿಂದ ಅಡೆತಡೆಗಳು ಸರಿದವು. ಘಟನೆಗಳು ಅದನ್ನು ಸಮರ್ಥಿಸುವುದಿಲ್ಲ. ಮುತ್ತಮ್ಮನವರ ಪ್ರತಿಭೆ 1948ರಲ್ಲಿ ಇದ್ದಷ್ಟೇ 1978ರಲ್ಲಿಯೂ ಇತ್ತು. ಮೂರು ಚಿನ್ನದ ಪದಕಗಳು ಮುಚ್ಚಳಿಕೆಯನ್ನು ತಪ್ಪಿಸಲಿಲ್ಲ. ಎರಡು ದೇಶಗಳಲ್ಲಿ ರಾಯಭಾರಿಯಾಗಿದ್ದ ಅನುಭವ ಬಡ್ತಿಯನ್ನು ತರಲಿಲ್ಲ. ಬಡ್ತಿಯನ್ನು ತಂದದ್ದು ಅರ್ಜಿ. ಯೋಗ್ಯತೆ ತನ್ನಷ್ಟಕ್ಕೆ ತಾನೇ ಗುರುತಿಸಲ್ಪಡುತ್ತದೆ ಎಂದು ಮನೆಯ ಹೆಣ್ಣುಮಕ್ಕಳಿಗೆ ಹಿರಿಯರು ಕೊಡುವ ಸಮಾಧಾನ ಎಷ್ಟು ಮಟ್ಟಿಗೆ ನಿಜ ಎಂಬುದನ್ನು ಇಲ್ಲಿಟ್ಟು ತೂಗಿ ನೋಡಬಹುದು.

ಮೂವತ್ತೆರಡು ವರ್ಷಗಳ ಸೇವೆಯ ಬಳಿಕ ಮುತ್ತಮ್ಮನವರು 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆಯವರ ಅಧ್ಯಕ್ಷತೆಯಲ್ಲಿ ನಿಶ್ಶಸ್ತ್ರೀಕರಣ ಮತ್ತು ಭದ್ರತೆಯ ವಿಷಯವನ್ನು ಪರಿಶೀಲಿಸಲು ರಚನೆಯಾಗಿದ್ದ ಸ್ವತಂತ್ರ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತದ ಸದಸ್ಯರಾಗಿದ್ದವರು ಅವರೇ. ಅಣ್ವಸ್ತ್ರಗಳ ಪೈಪೋಟಿ ತುದಿಮುಟ್ಟಿದ್ದ ಆ ದಿನಗಳಲ್ಲಿ, ಎದುರಾಳಿಯ ಭಯದ ಮೇಲೆ ಯಾರ ಭದ್ರತೆಯೂ ನಿಲ್ಲಲಾರದೆಂಬುದು ಆಯೋಗದ 1982ರ ವರದಿಯ ತಿರುಳು. ಆಡಳಿತ ವ್ಯವಸ್ಥೆಯ ದೋಷಗಳನ್ನು ವಿಮರ್ಶಿಸುವ ಅವರ ಇಂಗ್ಲಿಷ್ ಗ್ರಂಥ 'ಸ್ಲೇನ್ ಬೈ ದಿ ಸಿಸ್ಟಂ' 2003ರಲ್ಲಿ ಪ್ರಕಟವಾಯಿತು. ವ್ಯವಸ್ಥೆಯಿಂದ ಹತರಾದವರು ಎಂಬ ಅರ್ಥದ ಆ ಹೆಸರು ಅನುಭವದಿಂದಲೇ ಬಂದುದಿರಬೇಕು. ದೆಹಲಿಯಲ್ಲಿದ್ದ ತಮ್ಮ 15 ಎಕರೆ ಭೂಮಿಯನ್ನು ಅನಾಥ ಮಕ್ಕಳ ಆಶ್ರಯಕ್ಕಾಗಿ ಮದರ್ ತೆರೆಸಾ ಅವರ ಸಂಸ್ಥೆಗೆ ದಾನವಾಗಿ ಕೊಟ್ಟರು.

2009ರ ಅಕ್ಟೋಬರ್ 14ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಮುತ್ತಮ್ಮನವರು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಆ ವೇಳೆಗೆ ದೆಹಲಿಯಲ್ಲಿ ವಿದೇಶಾಂಗ ಕಾರ್ಯದರ್ಶಿಯ ಸ್ಥಾನದಲ್ಲಿ ಒಬ್ಬ ಮಹಿಳೆಯೇ ಇದ್ದರು. ಚೋಕಿಲಾ ಅಯ್ಯರ್ ಅವರು 2001ರಲ್ಲಿ ಆ ಪದವಿಗೇರಿದ ಮೊದಲ ಮಹಿಳೆಯಾದರೆ, 2009ರ ಆಗಸ್ಟಿನಲ್ಲಿ ಅಧಿಕಾರ ವಹಿಸಿಕೊಂಡ ನಿರುಪಮಾ ರಾವ್ ಅವರು ಎರಡನೆಯವರು. ನಿರುಪಮಾ ಅವರು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದವರು. ವಿದೇಶಾಂಗ ಸೇವೆಯನ್ನು ಸೇರಿದ್ದು 1973ರಲ್ಲಿ, ವಿವಾಹಿತೆಗೆ ನೇಮಕದ ಹಕ್ಕಿಲ್ಲವೆಂಬ ನಿಯಮ ರದ್ದಾದ ವರ್ಷವೇ. ಅವರ ಪತಿ ಸುಧಾಕರ ರಾವ್ ಅವರು ಆಡಳಿತ ಸೇವೆಯ ಅಧಿಕಾರಿಯಾಗಿ, ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದವರು.